ಹಳೆಯ ಡೀಸೆಲ್ ಕಾರಿನ ಇಸಿಎಂ ಮರುಪ್ರೋಗ್ರಾಂ ಮಾಡಿಸುವುದು ಎಷ್ಟು ಸುರಕ್ಷಿತ?

ತುಂಗಾತೀರ:

ನಮ್ಮಲ್ಲಿರುವುದು 2011ರ ಆರಂಭದಲ್ಲಿ ನೋಂದಣಿಯಾದ, 1.3 ಲೀಟರ್ ಡೀಸೆಲ್ ಎಂಜಿನ್ನಿನ ಸ್ವಿಫ್ಟ್ ಕಾರು. ಈವರೆಗೆ 1 ಲಕ್ಷ 70 ಸಾವಿರ ಕಿಲೋಮೀಟರಿಗಿಂತ ತುಸು ಹೆಚ್ಚು ಓಡಿದೆ. ಶಿವಮೊಗ್ಗದಿಂದ ಉಡುಪಿಯ ಕಡೆಗೆ ಆಗಾಗ ಹೋಗಿಬರುವುದರಿಂದ ಆಗುಂಬೆ ಘಾಟಿ ಈ ಕಾರಿಗೆ ಹೊಸದೇನಲ್ಲ. ಆದರೆ ಕಳೆದ ಮಳೆಗಾಲದ ನಂತರ ತಿರುವುಗಳಲ್ಲಿ ಎರಡನೆಯ ಗೇರಿನಿಂದ ಎಳೆಯುವಾಗ ಮೊದಲಿನ ಪಿಕಪ್ ಕಾಣುತ್ತಿಲ್ಲ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಹಿಂದೆ ಕಪ್ಪು ಹೊಗೆ ಏಳುತ್ತದೆ, ಬಾನೆಟ್ಟಿನ ಕಡೆಯಿಂದ ಸಣ್ಣಗೆ ಸೀಟಿ ಊದಿದಂಥ ಸದ್ದು ಕೇಳಿಸುತ್ತದೆ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗ ಇದಾವುದೂ ಗೊತ್ತಾಗುವುದಿಲ್ಲ, ಮೀಟರಿನಲ್ಲಿ ಎಂಜಿನ್ ದೀಪವೂ ಹೊತ್ತಿಲ್ಲ.

ಇಲ್ಲಿಯ ಒಂದು ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿ ನೋಡಿ, ಇಸಿಎಂನಲ್ಲಿರುವ, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆಯಲ್ಲಿರುವ, ಪ್ರೋಗ್ರಾಂ ಹಳೆಯದಾಗಿ ದುರ್ಬಲಗೊಂಡಿದೆ, ಅದನ್ನು ಮತ್ತೆ ಬರೆಸಿದರೆ ಎಲ್ಲವೂ ಸರಿಹೋಗುತ್ತದೆ ಎಂದರು. ಅವರೇ ಪರಿಚಯಿಸಿದ ಟ್ಯೂನರ್ ಒಬ್ಬರು 18 ಸಾವಿರ ರೂಪಾಯಿಗೆ ರೀಮ್ಯಾಪ್ (ಎಷ್ಟು ಇಂಧನ ಬಿಡಬೇಕೆಂಬಂಥ ಲೆಕ್ಕಗಳಿರುವ ಮ್ಯಾಪನ್ನು ಬದಲಿಸಿ ಬರೆಯುವ ಕೆಲಸ) ಮಾಡಿಕೊಡುವುದಾಗಿ, 75 ಪಿಎಸ್ (ಅಶ್ವಶಕ್ತಿ) ಇರುವ ಶಕ್ತಿಯನ್ನು 95ಕ್ಕೆ ಏರಿಸುವುದಾಗಿ ಹೇಳುತ್ತಿದ್ದಾರೆ. ಸ್ಕ್ಯಾನರ್ ಜೋಡಿಸುವ ಓಬಿಡಿ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸವಂತೆ, ಕಾರನ್ನು ಬಿಚ್ಚುವ ಅಗತ್ಯವೂ ಇಲ್ಲವಂತೆ. ಇದೇ ಎಂಜಿನ್ ಬೇರೆ ಕಾರುಗಳಲ್ಲಿ ಕಂಪನಿಯಿಂದಲೇ 90 ಪಿಎಸ್ ಕೊಡುತ್ತದೆ, ಹಾಗಾಗಿ ಹೆದರಬೇಕಿಲ್ಲ ಎಂಬುದು ಅವರ ವಾದ.

ಇಷ್ಟು ವಯಸ್ಸಾದ ಕಾರಿನಲ್ಲಿ ಈ ಕೆಲಸಕ್ಕೆ ಕೈಹಾಕುವುದು ಸರಿಯೇ, ಬರೆಯುವಾಗ ನಡುವೆ ಏನಾದರೂ ತಪ್ಪಿದರೆ ಇಸಿಎಂ ಪೂರ್ತಿ ಕೆಡುತ್ತದೆಯೇ, ಮುಂದೆ ಹದಿನೈದು ವರ್ಷದ ನೋಂದಣಿ ನವೀಕರಣದ ಹೊತ್ತಿಗೆ ಇದರಿಂದ ತೊಡಕಾಗುತ್ತದೆಯೇ ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಬೆಂಚಿನವ:

ನಾನು ಬೆಂಗಳೂರಿನಲ್ಲಿ ಇಸಿಎಂ ರಿಪೇರಿಯ ಕೆಲಸ ಮಾಡುತ್ತೇನೆ. ರೀಮ್ಯಾಪ್ ನನ್ನ ವ್ಯಾಪಾರವಲ್ಲ, ಆದರೆ ರೀಮ್ಯಾಪ್ ಮಾಡಲು ಹೋಗಿ ಸತ್ತ ಪೆಟ್ಟಿಗೆಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಮೊದಲನೆಯದಾಗಿ, ಪ್ರೋಗ್ರಾಂ ಹಳೆಯದಾಗಿ ದುರ್ಬಲವಾಗುವುದು ಎಂಬ ಮಾತನ್ನು ನಂಬಬೇಡಿ. ಆ ಕಾಲದ ಇಸಿಎಂಗಳಲ್ಲಿ ಬಳಕೆಯಲ್ಲಿದ್ದ ಫ್ಲ್ಯಾಶ್ ಮೆಮೊರಿ ಚಿಪ್ಪುಗಳಿಗೆ ತಯಾರಕರು 125 ಡಿಗ್ರಿ ಬಿಸಿಯಲ್ಲೂ 20 ವರ್ಷ ಮಾಹಿತಿ ಉಳಿಯುತ್ತದೆಂದು ಹೇಳಿರುತ್ತಾರೆ. ಒಂದು ವೇಳೆ ಒಳಗಿನ ಒಂದೆರಡು ಬಿಟ್ ಅಳಿಸಿಹೋದರೂ ಇಸಿಎಂ ಅದನ್ನು ತಾನೇ ಪತ್ತೆಹಚ್ಚುತ್ತದೆ. ತನ್ನ ಮೆಮೊರಿಯಲ್ಲಿರುವುದನ್ನೆಲ್ಲ ಕೂಡಿ ತಾಳೆನೋಡುವ ಚೆಕ್‌ಸಮ್ಮನ್ನು ಅದು ಲೆಕ್ಕಹಾಕಿ ನೋಡುತ್ತಿರುತ್ತದೆ, ಹೊಂದದಿದ್ದರೆ ಪಿ 0601ರಂಥ ದೋಷಸಂಕೇತವನ್ನು ದಾಖಲಿಸುತ್ತದೆ. ನಿಮ್ಮ ಸ್ಕ್ಯಾನರಿನಲ್ಲಿ ಅಂಥ ಸಂಕೇತ ಬಂದಿತ್ತೇ ಎಂದು ಆ ಗ್ಯಾರೇಜಿನವರನ್ನು ಕೇಳಿ. ಬಂದಿಲ್ಲವಾದರೆ ಪ್ರೋಗ್ರಾಂ ಕೆಟ್ಟಿದೆ ಎನ್ನಲು ಅವರ ಬಳಿ ಯಾವ ಆಧಾರವೂ ಇಲ್ಲ. ಕಾರು ತಯಾರಾದ ದಿನ ಇದ್ದ ಪ್ರೋಗ್ರಾಮೇ ಇಂದಿಗೂ ಅಕ್ಷರಶಃ ಅದರಲ್ಲಿದೆ. ಬದಲಾಗಿರುವುದು ಅದರ ಸುತ್ತಲಿನ ಕಬ್ಬಿಣ, ರಬ್ಬರು ಮತ್ತು ತಾಮ್ರ.

ಬರೆಯುವಾಗಿನ ಅಪಾಯ ಏನೆಂದು ಕೇಳಿದ್ದೀರಿ. ಫ್ಲ್ಯಾಶ್ ಮೆಮೊರಿಯಲ್ಲಿ ಹಳೆಯದರ ಮೇಲೆ ಹೊಸದನ್ನು ನೇರವಾಗಿ ಬರೆಯಲು ಬರುವುದಿಲ್ಲ. ಒಂದು ಭಾಗವನ್ನು ಪೂರ್ತಿ ಅಳಿಸಿ, ಆನಂತರ ಅಲ್ಲಿಗೆ ಹೊಸದನ್ನು ತುಂಬಬೇಕು. ಅಳಿಸಿದ ಮೇಲೆ ತುಂಬುವ ಮೊದಲು ಸಂಪರ್ಕ ಕಡಿದರೆ ಆ ಭಾಗ ಖಾಲಿ ಉಳಿಯುತ್ತದೆ, ಕಾರು ಸ್ಟಾರ್ಟ್ ಆಗುವುದಿಲ್ಲ. ಬೂಟ್‌ಲೋಡರ್ ಎಂಬ, ಪೆಟ್ಟಿಗೆಯನ್ನು ಎಬ್ಬಿಸಿ ಹೊಸ ಬರಹ ತೆಗೆದುಕೊಳ್ಳುವ ಪುಟ್ಟ ಭಾಗವನ್ನು ಪ್ರತ್ಯೇಕವಾಗಿ ಕಾಪಾಡಿರುವುದರಿಂದ ಸಾಮಾನ್ಯವಾಗಿ ಇಂಥ ಪೆಟ್ಟಿಗೆಯನ್ನು ಬದುಕಿಸಬಹುದು. ಆದರೆ ಆ ಭಾಗಕ್ಕೇ ಪೆಟ್ಟು ಬಿದ್ದಿದ್ದರೆ ಪೆಟ್ಟಿಗೆಯನ್ನು ತೆರೆದು ಒಳಗಿನ ಬಿಂದುಗಳಿಗೆ ತಂತಿ ಮುಟ್ಟಿಸಿ ಕೆಲಸ ಮಾಡಬೇಕಾಗುತ್ತದೆ. ಎಂಜಿನ್ನಿಗೇ ಬಿಗಿದಿರುವ ಕೆಲವು ಮಾದರಿಗಳಲ್ಲಿ ಒಳಗೆ ಮಾಮೂಲಿ ಸರ್ಕಿಟ್ ಬೋರ್ಡ್ ಇರುವುದಿಲ್ಲ, ಮೃದುವಾದ ಜೆಲ್ಲಿನಲ್ಲಿ ಮುಳುಗಿರುವ ಕೂದಲೆಳೆಯಂಥ ಅಲ್ಯೂಮಿನಿಯಂ ತಂತಿಗಳಿರುತ್ತವೆ. ಅಲ್ಲಿ ಕೈ ಜಾರಿತೆಂದರೆ ಮುಗಿಯಿತು.

ಸಂಪರ್ಕ ಏಕೆ ಕಡಿಯುತ್ತದೆ? ಬಹುಪಾಲು ಬ್ಯಾಟರಿಯಿಂದ. ಇಸಿಎಂ ಜೊತೆ ಮಾತಾಡಲು ಬಳಸುವ ಹಳೆಯ ಕೆ-ಲೈನ್ ಸಂಪರ್ಕದ ಮೂಲ ವೇಗ ಸೆಕೆಂಡಿಗೆ 10,400 ಬಿಟ್ಟುಗಳು. 512 ಕಿಲೋಬೈಟಿನ ಮೆಮೊರಿಯನ್ನು ಆ ವೇಗದಲ್ಲಿ ತುಂಬಲು ಬರೀ ಲೆಕ್ಕದ ಪ್ರಕಾರವೇ ಎಂಟು ನಿಮಿಷಕ್ಕಿಂತ ಹೆಚ್ಚು ಬೇಕು, ನಡುನಡುವೆ ನಡೆಯುವ ಉತ್ತರ ಪ್ರತ್ಯುತ್ತರಗಳನ್ನು ಸೇರಿಸಿದರೆ ಇನ್ನೂ ಹೆಚ್ಚು. ಹೆಚ್ಚು ವೇಗದ ಕ್ಯಾನ್ ಸಂಪರ್ಕವಿರುವ ಕಾರುಗಳಲ್ಲಿ ಇದು ಬೇಗ ಮುಗಿಯುತ್ತದೆ, ಆದರೂ ಅಷ್ಟು ಹೊತ್ತು ಎಂಜಿನ್ ನಿಂತಿದ್ದು ಇಗ್ನಿಷನ್ ಆನ್ ಆಗಿರಬೇಕು. ಆಲ್ಟರ್ನೇಟರ್ ತಿರುಗುತ್ತಿರುವುದಿಲ್ಲ, ಎಲ್ಲ ಭಾರವೂ ಬ್ಯಾಟರಿಯ ಮೇಲೆಯೇ. ಎಂಜಿನ್ ಕೋಣೆಯ ಬಿಸಿಯಲ್ಲಿ ನಾಲ್ಕು ವರ್ಷ ಕಳೆದ ಬ್ಯಾಟರಿ ಸ್ಟಾರ್ಟ್ ಮಾಡಲು ಸಾಕಾಗಿರಬಹುದು, ಆದರೆ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಿಕೊಂಡಾಗ ಅದರ ವೋಲ್ಟೇಜು ಥಟ್ಟನೆ ಕುಸಿಯುತ್ತದೆ. ಇದಕ್ಕೆ ಪರಿಹಾರವೆಂದು ಕೆಲವರು ಮಾಮೂಲಿ ಬ್ಯಾಟರಿ ಚಾರ್ಜರ್ ಜೋಡಿಸುತ್ತಾರೆ. ಅದರಿಂದ ಬರುವ ವಿದ್ಯುತ್ ಅಲೆಯಲೆಯಾಗಿ ಏರಿಳಿಯುವುದರಿಂದ ಒಮ್ಮೊಮ್ಮೆ ಬ್ಯಾಟರಿಯೊಂದೇ ಇದ್ದುದಕ್ಕಿಂತ ಹೆಚ್ಚಿನ ತೊಂದರೆಯಾಗುತ್ತದೆ. 13.5 ವೋಲ್ಟಿನ ಆಸುಪಾಸಿನಲ್ಲಿ ಅಲುಗಾಡದೆ ನಿಲ್ಲುವ, ಕನಿಷ್ಠ 30 ಆಂಪಿಯರ್ ಕೊಡಬಲ್ಲ ಪವರ್ ಸಪ್ಲೈ ಬೇಕು. ಟ್ಯೂನರಿನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಮತ್ತು ಕೇಬಲ್ ಮಾತ್ರ ಇದ್ದರೆ ಅಲ್ಲಿಗೇ ನಮಸ್ಕಾರ ಹೇಳಿಬಿಡಿ.

ಹಳೆಯ ಕಾರಿನಲ್ಲಿ ಅರ್ಥಿಂಗನ್ನೂ ನೋಡಬೇಕು. ಬ್ಯಾಟರಿಯ ನೆಗೆಟಿವ್ ತುದಿಗೂ ಇಸಿಎಂನ ಅರ್ಥ್ ಪಿನ್ನಿಗೂ ನಡುವೆ, ಇಗ್ನಿಷನ್ ಆನ್ ಇದ್ದಾಗ, 0.1 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮೊದಲು ಅದನ್ನು ಸರಿಪಡಿಸಬೇಕು. ಕರಾವಳಿಯ ಕಾರುಗಳಲ್ಲಂತೂ ಕನೆಕ್ಟರಿನ ಪಿನ್ನುಗಳು ಹಸಿರುಗಟ್ಟಿರುವುದು ಸರ್ವೇಸಾಮಾನ್ಯ. ಇನ್ನು 1990ರ ದಶಕದ ಜಪಾನಿ ಪೆಟ್ಟಿಗೆಗಳಾದರೆ ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಸೋರಿ ಬೋರ್ಡನ್ನೇ ತಿಂದಿರುತ್ತವೆ. ಅವುಗಳಿಗೆ ಫ್ಲ್ಯಾಶ್ ಮಾಡುವ ಮಾತು ಹಾಗಿರಲಿ, ಕೈಯಿಂದ ಬಿಚ್ಚುವಾಗಲೂ ಎಚ್ಚರ ಬೇಕು. ನಿಮ್ಮ ಕಾರಿನದು ಅಷ್ಟು ಹಳೆಯದಲ್ಲ, ಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಒಂದು ಪ್ರಶ್ನೆಯನ್ನು ನೀವು ಆ ಟ್ಯೂನರಿಗೆ ಕೇಳಲೇಬೇಕು: ನನ್ನ ಕಾರಿನಲ್ಲಿರುವುದನ್ನು ಬರೆಯುವ ಮೊದಲು ಪೂರ್ತಿಯಾಗಿ ಓದಿ ಇಟ್ಟುಕೊಳ್ಳುತ್ತೀರಾ? ಅನೇಕ ಇಸಿಎಂಗಳನ್ನು ಓಬಿಡಿ ಸಾಕೆಟ್ಟಿನ ಮೂಲಕ ಬರೆಯಲು ಮಾತ್ರ ಸಾಧ್ಯ, ಓದಲು ಸಾಧ್ಯವಿಲ್ಲ. ಅಂಥ ಕಡೆ ಉಪಕರಣವು ಪೆಟ್ಟಿಗೆಯ ಗುರುತಿನ ಸಂಖ್ಯೆಯನ್ನಷ್ಟೇ ಓದಿ, ಅದಕ್ಕೆ ಹೊಂದುವ ಫೈಲನ್ನು ಯಾವುದೋ ಸರ್ವರಿನಿಂದ ಇಳಿಸಿಕೊಳ್ಳುತ್ತದೆ. ಧಂಧೆಯಲ್ಲಿ ಇದನ್ನು ವರ್ಚುವಲ್ ರೀಡ್ ಎನ್ನುತ್ತಾರೆ. ಗಿರಾಕಿಗೆ ‘ಒರಿಜಿನಲ್ ಬ್ಯಾಕಪ್ ಇದೆ’ ಎಂದು ಹೇಳಲಾಗುತ್ತದೆ, ಆದರೆ ಅದು ಅವರ ಕಾರಿನ ಒರಿಜಿನಲ್ ಅಲ್ಲ. ಕಳ್ಳತನ ತಡೆಯುವ ಇಮೊಬಿಲೈಸರ್ ಕೀಲಿಯ ಜೋಡಣೆಯಂಥ ಆ ಒಂದೇ ಕಾರಿಗೆ ಸೇರಿದ ವಿವರಗಳು ಬಹಳಷ್ಟು ಪೆಟ್ಟಿಗೆಗಳಲ್ಲಿ ಇಇಪ್ರಾಮ್ ಎಂಬ ಪ್ರತ್ಯೇಕ ಮೆಮೊರಿ ಚಿಪ್ಪಿನಲ್ಲಿರುತ್ತವೆ. ಅದರ ಪ್ರತಿ ಇಲ್ಲದೆ ಪೆಟ್ಟಿಗೆ ಸತ್ತರೆ, ಶಿವಾಜಿನಗರದ ಗುಜರಿಯಲ್ಲಿ ಅದೇ ನಂಬರಿನ ಇನ್ನೊಂದು ಪೆಟ್ಟಿಗೆ ಸಿಕ್ಕರೂ ಅದು ನಿಮ್ಮ ಕೀಲಿಯನ್ನು ಗುರುತಿಸುವುದಿಲ್ಲ.

ನಕಾಶೆಗಾರ:

ಬೆಂಚಿನವ ಅವರು ಪೆಟ್ಟಿಗೆಯ ಕಡೆಯಿಂದ ಹೇಳಿದ್ದಾರೆ, ನಾನು ಎಂಜಿನ್ನಿನ ಕಡೆಯಿಂದ ಹೇಳುತ್ತೇನೆ. ಕೆಲವು ವರ್ಷ ಡೀಸೆಲ್ ಎಂಜಿನ್ನುಗಳ ಕ್ಯಾಲಿಬ್ರೇಷನ್, ಅಂದರೆ ಮ್ಯಾಪಿನ ಅಂಕಿಗಳನ್ನು ಹೊಂದಿಸುವ ಕೆಲಸದಲ್ಲಿದ್ದೆ. ಬರವಣಿಗೆ ಒಂದು ತೊಡಕೂ ಇಲ್ಲದೆ ಮುಗಿದರೂ ಹಳೆಯ ಕಾರಿನಲ್ಲಿ ಅಪಾಯ ಅಲ್ಲಿಂದ ಮುಂದೆ ಶುರುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಎಂಜಿನ್ ಫಿಯೆಟ್ ಮೂಲದ 1248 ಸಿಸಿಯ ಮಲ್ಟಿಜೆಟ್. ಅದರ ಇಸಿಎಂಗಳನ್ನು ಮ್ಯಾಗ್ನೆಟಿ ಮರೆಲ್ಲಿಯವರು ಮಾರುತಿ ಸುಜುಕಿಯ ಜೊತೆಗೂಡಿ ಮಾನೇಸರಿನಲ್ಲಿ ತಯಾರಿಸುತ್ತಿದ್ದರು. ಇದೇ ಎಂಜಿನ್ ಬೇರೆಡೆ 90 ಪಿಎಸ್ ಕೊಡುತ್ತದೆ ಎಂಬ ಟ್ಯೂನರಿನ ಮಾತು ಅರ್ಧ ಸತ್ಯ. 90 ಪಿಎಸ್ ರೂಪದಲ್ಲಿ ಇರುವುದು ರೆಕ್ಕೆಗಳ ಕೋನ ಬದಲಾಗುವ ವೇರಿಯೆಬಲ್ ಜಿಯೋಮೆಟ್ರಿ ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು). ನಿಮ್ಮ 75 ಪಿಎಸ್ ರೂಪದಲ್ಲಿರುವುದು ವೇಸ್ಟ್‌ಗೇಟ್ (ಹೆಚ್ಚಾದ ಅನಿಲವನ್ನು ಪಕ್ಕಕ್ಕೆ ಬಿಡುವ ಬಾಗಿಲು) ಇರುವ ಪುಟ್ಟ ಸ್ಥಿರ ಟರ್ಬೊ. ಹಾಗಾಗಿ ಆ 90ರ ಉದಾಹರಣೆ ಇಲ್ಲಿ ಸಲ್ಲುವುದಿಲ್ಲ. ಸಾಫ್ಟ್‌ವೇರ್ ಬದಲಿಸಿದರೆ ಟರ್ಬೊ ಬದಲಾಗುವುದಿಲ್ಲವಲ್ಲ.

ಈಗ ನಿಮ್ಮ ಲಕ್ಷಣಗಳನ್ನು ನೋಡೋಣ. ಡೀಸೆಲ್ ಎಂಜಿನ್ನಿನಲ್ಲಿ ಎಷ್ಟು ಇಂಧನ ಚಿಮ್ಮಬೇಕು ಎಂಬುದಕ್ಕೆ ಹಲವು ಮಿತಿಗಳಿರುತ್ತವೆ, ಅವುಗಳಲ್ಲಿ ಹೊಗೆಯ ಮಿತಿ ಒಂದು. ಒಳಬರುವ ಗಾಳಿಯನ್ನು ಏರ್ ಫ್ಲೋ ಸೆನ್ಸರ್ ಅಳೆಯುತ್ತದೆ, ಅಷ್ಟು ಗಾಳಿಯಲ್ಲಿ ಹೊಗೆಯಿಲ್ಲದೆ ಉರಿಯಬಲ್ಲಷ್ಟು ಇಂಧನವನ್ನು ಮಾತ್ರ ಇಸಿಎಂ ಬಿಡುತ್ತದೆ. ವಯಸ್ಸಾದ ಸೆನ್ಸರ್ ಇರುವುದಕ್ಕಿಂತ ಕಡಿಮೆ ಗಾಳಿಯನ್ನು ತೋರಿಸಿದರೆ ಇಂಧನ ಕಡಿತವಾಗಿ ಪಿಕಪ್ ಹೋಗುತ್ತದೆ, ಆದರೆ ಆಗ ಹೊಗೆ ಬರುವುದಿಲ್ಲ. ನಿಮ್ಮಲ್ಲಿ ಪಿಕಪ್ಪೂ ಹೋಗಿದೆ, ಕಪ್ಪು ಹೊಗೆಯೂ ಇದೆ, ಒತ್ತಡ ಹೆಚ್ಚಿದಾಗ ಸೀಟಿಯ ಸದ್ದೂ ಇದೆ. ಅಂದರೆ ಸೆನ್ಸರ್ ಲೆಕ್ಕಕ್ಕೆ ತೆಗೆದುಕೊಂಡ ಗಾಳಿಯಲ್ಲಿ ಒಂದು ಪಾಲು ಟರ್ಬೊ ದಾಟಿದ ಮೇಲೆ ಎಲ್ಲೋ ಸೋರಿಹೋಗುತ್ತಿದೆ, ಎಂಜಿನ್ನಿಗೆ ಸೇರುತ್ತಿಲ್ಲ. ಇಂಧನ ಮಾತ್ರ ಪೂರ್ತಿ ಲೆಕ್ಕದ ಪ್ರಕಾರ ಸೇರುತ್ತಿದೆ. ಟರ್ಬೊದಿಂದ ಇನ್‌ಟೇಕಿಗೆ ಹೋಗುವ ರಬ್ಬರ್ ಹೋಸು ಬಿರಿದಿರುವುದು ಅಥವಾ ಅದರ ಕ್ಲ್ಯಾಂಪ್ ಸಡಿಲವಾಗಿರುವುದು ನನ್ನ ಮೊದಲ ಅನುಮಾನ. ಸೋರಿಕೆ ಚಿಕ್ಕದಿದ್ದಾಗ ಒತ್ತಡದ ಕೊರತೆ ಪಿ 0299 ಸಂಕೇತ ಬರುವಷ್ಟು ಇರುವುದಿಲ್ಲ, ಅದಕ್ಕೇ ಮೀಟರಿನಲ್ಲಿ ದೀಪ ಹೊತ್ತಿಲ್ಲ.

ಈ ಸ್ಥಿತಿಯಲ್ಲಿರುವ ಎಂಜಿನ್ನಿಗೆ ರೀಮ್ಯಾಪ್ ಮಾಡಿದರೆ ಆಗುವುದಿಷ್ಟು. ಟ್ಯೂನರ್ ಹೊಗೆಯ ಮಿತಿಯನ್ನೂ ಟಾರ್ಕಿನ (ತಿರುಗಿಸುವ ಬಲದ) ಮಿತಿಯನ್ನೂ ಮೇಲಕ್ಕೇರಿಸುತ್ತಾನೆ, ಟರ್ಬೊ ಒತ್ತಡದ ಗುರಿಯನ್ನು ಹೆಚ್ಚಿಸುತ್ತಾನೆ. ಹೋಸು ಸೋರುತ್ತಿರುವುದರಿಂದ ಆ ಗುರಿ ಮುಟ್ಟಲು ಟರ್ಬೊ ಮೊದಲಿಗಿಂತ ವೇಗವಾಗಿ ತಿರುಗಬೇಕಾಗುತ್ತದೆ. ಹೆಚ್ಚಿದ ಇಂಧನ ಕಡಿಮೆ ಗಾಳಿಯಲ್ಲಿ ಉರಿಯುವುದರಿಂದ ನಿಷ್ಕಾಸದ ಬಿಸಿ ಏರುತ್ತದೆ. ಟರ್ಬೈನಿಗೆ ಹೊಗುವ ಅನಿಲ ಸುಮಾರು 800 ಡಿಗ್ರಿ ದಾಟಿದ ಸ್ಥಿತಿಯಲ್ಲಿ ಘಾಟಿಯನ್ನು ದೀರ್ಘಕಾಲ ಏರುವುದು ಪಿಸ್ಟನ್ನಿಗೂ ಟರ್ಬೊಗೂ ಒಳ್ಳೆಯದಲ್ಲ. ಶಿವಮೊಗ್ಗದ ಬೈಪಾಸಿನಲ್ಲಿ ಎರಡು ನಿಮಿಷ ಓಡಿಸಿ ತೋರಿಸಿದಾಗ ಇದಾವುದೂ ಕಾಣಿಸದು. ಅಲ್ಲಿ ಕಾರು ಖಂಡಿತ ಜಿಗಿಯುತ್ತದೆ, ನೀವೂ ಹಣ ಕೊಟ್ಟು ಬರುತ್ತೀರಿ.

ಇಂಧನ ಚಿಮ್ಮಿಸುವ ಇಂಜೆಕ್ಟರುಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹಳೆಯ ಕಾರಿಗೂ ಹೊಸ ಕಾರಿಗೂ ನಿಜವಾದ ವ್ಯತ್ಯಾಸ ಇರುವುದು ಅಲ್ಲಿಯೇ. ಹೆಚ್ಚು ಒತ್ತಡದ ಇಂಧನವು ಒಂದೇ ಕೊಳವೆಯಿಂದ (ರೇಲ್) ಎಲ್ಲ ಇಂಜೆಕ್ಟರುಗಳಿಗೂ ಹೋಗುವ, ನಿಮ್ಮದರಂಥ ಕಾಮನ್ ರೇಲ್ ಎಂಜಿನ್ನಿನಲ್ಲಿ ಇಸಿಎಂ ಇಂಧನವನ್ನು ನೇರವಾಗಿ ಅಳೆಯುವುದಿಲ್ಲ. ಇಷ್ಟು ಒತ್ತಡದಲ್ಲಿ ಇಷ್ಟು ಮೈಕ್ರೊಸೆಕೆಂಡ್ ಇಂಜೆಕ್ಟರ್ ತೆರೆದರೆ ಇಷ್ಟು ಇಂಧನ ಬೀಳುತ್ತದೆ ಎಂಬ ಕೋಷ್ಟಕವನ್ನು ನಂಬಿ ಕೆಲಸ ಮಾಡುತ್ತದೆ, ಆ ಕೋಷ್ಟಕ ಬರೆದಿರುವುದು ಹೊಸ ಇಂಜೆಕ್ಟರನ್ನು ಅಳೆದು. ಒಂದೂಮುಕ್ಕಾಲು ಲಕ್ಷ ಕಿಲೋಮೀಟರ್ ಹತ್ತಿರ ಓಡಿದ ಇಂಜೆಕ್ಟರಿನ ತುದಿ ಸವೆದು ಅದೇ ಸಮಯದಲ್ಲಿ ಹೆಚ್ಚು ಇಂಧನ ಬಿಡುತ್ತಿರಬಹುದು, ಅಥವಾ ಹಿಂದಕ್ಕೆ ಸೋರಿ ಕಡಿಮೆ ಬಿಡುತ್ತಿರಬಹುದು. ನಾಲ್ಕೂ ಒಂದೇ ರೀತಿ ಸವೆದಿರುವುದೂ ಅಪರೂಪ. ಕಂಪನಿಯ ಮ್ಯಾಪ್ ತಯಾರಿಸುವವರು ಈ ಏರುಪೇರಿಗೆಂದೇ ಒಂದಿಷ್ಟು ಜಾಗ ಬಿಟ್ಟಿರುತ್ತಾರೆ. ಚಳಿಯಲ್ಲಿ, ಎತ್ತರದ ಊರಿನಲ್ಲಿ, ಕಳಪೆ ಡೀಸೆಲ್ಲಿನಲ್ಲಿ, ಕೊಳಕು ಫಿಲ್ಟರಿನಲ್ಲಿ, ಹಳೆಯದಾದ ಮೇಲೂ ಎಂಜಿನ್ ಉಳಿಯಬೇಕು ಎಂಬುದು ನಮ್ಮ ಲೆಕ್ಕ. ರೀಮ್ಯಾಪ್ ಕೊಡುವ ಹೆಚ್ಚುವರಿ ಶಕ್ತಿ ಬರುವುದು ಆ ಜಾಗದಿಂದಲೇ. ಹೊಸ ಕಾರಿನಲ್ಲಿ ಅದು ಖಾಲಿ ಇರುತ್ತದೆ. ನಿಮ್ಮ ಕಾರು ಅದರಲ್ಲಿ ಎಷ್ಟನ್ನು ಈಗಾಗಲೇ ಬಳಸಿಕೊಂಡಿದೆ ಎಂದು ಯಾರೂ ಅಳೆದು ನೋಡಿಲ್ಲ.

ಕ್ಲಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಲ 190 ಎನ್‌ಎಂ ಟಾರ್ಕಿಗೆ ಮಾಡಿದ ಕ್ಲಚ್ಚು ಹಳೆಯದಾಗಿದ್ದರೆ ರೀಮ್ಯಾಪ್ ಆದ ವಾರದಲ್ಲೇ ಜಾರಲು ಶುರುಮಾಡಿ ತಾನೇ ತಿಳಿಸುತ್ತದೆ.

ಹಳೇಪೆಟ್ರೋಲು:

ವಿಷಯ ತುಸು ಪಕ್ಕಕ್ಕೆ ಹೋಗುತ್ತದೆ, ಆದರೆ ಪ್ರಶ್ನೆ ಇದೇ ಜಾತಿಯದು. ನನ್ನದು 2007ರ ಪೆಟ್ರೋಲ್ ಕಾರು. ಬಂಕುಗಳಲ್ಲಿ ಈಗ 20% ಎಥನಾಲ್ ಬೆರೆತ ಪೆಟ್ರೋಲು ಬರುತ್ತಿರುವುದರಿಂದ ಹಳೆಯ ಕಾರುಗಳ ಇಸಿಎಂಗೆ ಅದಕ್ಕೆ ತಕ್ಕ ಮ್ಯಾಪ್ ಹಾಕಿಸಬೇಕು, ಇಲ್ಲವಾದರೆ ಎಂಜಿನ್ ಕೆಡುತ್ತದೆ ಎಂದು ನಮ್ಮ ಕಡೆಯ ಕೆಲವರು ಹೇಳಿ ಅದಕ್ಕೊಂದು ದರವನ್ನೂ ನಿಗದಿ ಮಾಡಿದ್ದಾರೆ. ಇದರಲ್ಲಿ ಹುರುಳಿದೆಯೇ?

ನಕಾಶೆಗಾರ:

ಮ್ಯಾಪಿನ ಮಟ್ಟಿಗೆ ಹೆಚ್ಚು ಹುರುಳಿಲ್ಲ. ಒಂದು ಕಿಲೋ ಶುದ್ಧ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, 20% ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಕಿಲೋ ಸಾಕು. ವ್ಯತ್ಯಾಸ 8% ಆಸುಪಾಸು. ಫ್ಯೂಯೆಲ್ ಇಂಜೆಕ್ಷನ್ ಮತ್ತು ಆಕ್ಸಿಜನ್ ಸೆನ್ಸರ್ ಇರುವ ಕಾರಿನಲ್ಲಿ ಇಸಿಎಂ ಸೆನ್ಸರಿನ ಮಾತು ಕೇಳಿ ಇಂಧನವನ್ನು ಇಷ್ಟರ ಮಟ್ಟಿಗೆ ತಾನೇ ಹೆಚ್ಚಿಸಿಕೊಳ್ಳುತ್ತದೆ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ ಎಂಬ ಅಂಕಿ ಅಷ್ಟು ಮೇಲೇರಿರುವುದನ್ನು ನೋಡಬಹುದು. ಆದರೆ ಆ ಸೆನ್ಸರ್ ಹಳೆಯದಾಗಿ ಮಂದವಾಗಿದ್ದರೆ ತಿದ್ದುಪಡಿ ತಪ್ಪುತ್ತದೆ, ಆಗ ಬದಲಿಸಬೇಕಾದುದು ಸೆನ್ಸರನ್ನು. ಮೈಲೇಜು ಕಡಿಮೆಯಾಗುವುದನ್ನು ಯಾವ ಮ್ಯಾಪೂ ತಡೆಯಲಾರದು, ಏಕೆಂದರೆ ಎಥನಾಲಿನಲ್ಲಿ ಶಕ್ತಿಯೇ ಕಡಿಮೆ. ಎಥನಾಲಿಲ್ಲದ ಪೆಟ್ರೋಲಿಗೆ ವಿನ್ಯಾಸಗೊಂಡು 10% ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ 6ರಿಂದ 7% ಇಳಿಕೆಯಾಗಬಹುದೆಂದು 2021ರ ನೀತಿ ಆಯೋಗದ ವರದಿಯಲ್ಲಿಯೇ ಇದೆ. ನಿಮ್ಮ ಕಾರಿನಲ್ಲಿ ನಿಜವಾಗಿ ನೋಡಿಸಬೇಕಾದದ್ದು ಇಂಧನದ ರಬ್ಬರ್ ಹೋಸುಗಳು, ಸೀಲುಗಳು ಮತ್ತು ಟ್ಯಾಂಕಿನೊಳಗಿನ ಪಂಪು. ಆ ಹಣವನ್ನು ಅವಕ್ಕೆ ಖರ್ಚು ಮಾಡಿ.

ರೈನ್‌ದಂಡೆ:

ನಾನು ಜರ್ಮನಿಯಲ್ಲಿದ್ದೇನೆ. ಟ್ಯೂನರುಗಳ ವಿಷಯ ಹಾಗಿರಲಿ, ತಯಾರಿಸಿದ ಕಂಪನಿಯೇ ಸರ್ಕಾರದ ಕಣ್ಣೆದುರು ಹಳೆಯ ಕಾರುಗಳ ಇಸಿಎಂಗಳನ್ನು ಲಕ್ಷಗಟ್ಟಲೆ ಮರುಪ್ರೋಗ್ರಾಂ ಮಾಡಿದ ಒಂದು ಪ್ರಸಂಗವನ್ನು ಇಲ್ಲಿ ಎಲ್ಲರೂ ನೋಡಿದ್ದೇವೆ, ಅದು ಈ ಚರ್ಚೆಗೆ ಉಪಯುಕ್ತ ಎನಿಸುತ್ತದೆ.

2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣ (ಪರೀಕ್ಷೆಯಲ್ಲಿ ಮಾತ್ರ ಮಾಲಿನ್ಯ ತಗ್ಗಿಸುವ ಪ್ರೋಗ್ರಾಮನ್ನು ಕಂಪನಿ ಇಸಿಎಂನಲ್ಲಿ ಅಡಗಿಸಿದ್ದುದು) ಹೊರಬಿದ್ದ ಮೇಲೆ ಇಎ 189 ಸರಣಿಯ ಎಂಜಿನ್ನುಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕೆಂದು ಇಲ್ಲಿಯ ಸಾರಿಗೆ ಪ್ರಾಧಿಕಾರ ಕಡ್ಡಾಯ ಮಾಡಿತು. ಭಾರತದಲ್ಲೂ ಅದೇ ವರ್ಷದ ಡಿಸೆಂಬರಿನಲ್ಲಿ 3 ಲಕ್ಷ 23 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಯುವುದಾಗಿ ಕಂಪನಿ ಪ್ರಕಟಿಸಿತ್ತು, ಆದ್ದರಿಂದ ಇಲ್ಲಿ ಓದುತ್ತಿರುವ ಕೆಲವರ ಕಾರುಗಳೂ ಅದರಲ್ಲಿ ಇದ್ದಿರಬಹುದು. 2 ಲೀಟರಿನ ಎಂಜಿನ್ನಿಗೆ ಸಾಫ್ಟ್‌ವೇರ್ ಮಾತ್ರ ಸಾಕಾಯಿತು. 1.6 ಲೀಟರಿನದಕ್ಕೆ ಸಾಫ್ಟ್‌ವೇರಿನ ಜೊತೆಗೆ ಏರ್ ಫ್ಲೋ ಸೆನ್ಸರಿನ ಮುಂದೆ ಗಾಳಿಯ ಹರಿವನ್ನು ನೇರಗೊಳಿಸುವ ಒಂದು ಪ್ಲಾಸ್ಟಿಕ್ ಜಾಲರಿಯನ್ನೂ ಕೂರಿಸಿದರು, ಏಕೆಂದರೆ ಹೊಸ ಲೆಕ್ಕಾಚಾರಕ್ಕೆ ಗಾಳಿಯ ಅಳತೆ ಮೊದಲಿಗಿಂತ ನಿಖರವಾಗಿರಬೇಕಿತ್ತು. ಗಾಳಿಯ ಅಳತೆಯೇ ತಪ್ಪಿದ್ದರೆ ಮ್ಯಾಪಿನಿಂದ ಪ್ರಯೋಜನವಿಲ್ಲವೆಂದು ಮೇಲೆ ನಕಾಶೆಗಾರ ಅವರು ಹೇಳಿದ್ದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಆ ಅಪ್‌ಡೇಟ್ ಆದ ಮೇಲೆ ತಮ್ಮ ಕಾರಿನ ಇಜಿಆರ್ ಕವಾಟ (ನಿಷ್ಕಾಸದ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವುದು) ಕೆಟ್ಟಿತು, ಎಂಜಿನ್ ಸುರಕ್ಷಿತ ಸ್ಥಿತಿಗೆ ಹೋಗಿ ಎಳೆಯುವುದನ್ನೇ ನಿಲ್ಲಿಸಿತು ಎಂದು ಯುರೋಪಿನ ಹಲವು ದೇಶಗಳಲ್ಲಿ ಮಾಲೀಕರು ದೂರಿದರು. ಅಪ್‌ಡೇಟಿನಿಂದ ಹಾಗಾಗಿಲ್ಲ ಎಂಬುದು ಕಂಪನಿಯ ನಿಲುವು. ಆದರೂ ಇಜಿಆರ್ ಸೇರಿದಂತೆ ಕೆಲವು ಭಾಗಗಳಿಗೆ, ಕಾರು ಒಟ್ಟು ಎರಡೂವರೆ ಲಕ್ಷ ಕಿಲೋಮೀಟರ್ ದಾಟಿರದಿದ್ದರೆ, ಅಪ್‌ಡೇಟ್ ಆದ 24 ತಿಂಗಳವರೆಗೆ ಬಂದ ದೂರುಗಳನ್ನು ಉಚಿತವಾಗಿ ಪರಿಹರಿಸುವ ವ್ಯವಸ್ಥೆಯನ್ನು ಅದು ಮಾಡಬೇಕಾಯಿತು. ನನಗೆ ತೋರುವುದು ಇಷ್ಟು: ಎಂಜಿನ್ನನ್ನು ವಿನ್ಯಾಸ ಮಾಡಿದವರು ತಮ್ಮ ಎಲ್ಲ ಪರೀಕ್ಷಾಗಾರಗಳನ್ನು ಇಟ್ಟುಕೊಂಡು ಮಾಡಿದ ಬದಲಾವಣೆಗೂ, ಮಸಿ ಕಟ್ಟಿದ ಹಳೆಯ ಭಾಗಗಳ ವಿಷಯದಲ್ಲಿ ಜನರಿಗೆ ಧೈರ್ಯ ತುಂಬಬೇಕಾಯಿತು. ನಿಮ್ಮ ಟ್ಯೂನರ್ ಕೊಡುವ ಭರವಸೆಗೆ ಕಾಗದದ ಮೇಲೆ ಒಂದು ಸಹಿಯಾದರೂ ಇದೆಯೇ?

ಇಲ್ಲಿಯ ಕಾನೂನು ಈ ವಿಷಯದಲ್ಲಿ ಬಿಗಿ. ಶಕ್ತಿ ಅಥವಾ ಹೊಗೆ ಬದಲಾಗುವಂಥ ಚಿಪ್ ಟ್ಯೂನಿಂಗ್ ಮಾಡಿಸಿ, ಅದನ್ನು ಪರಿಶೀಲನೆಗೆ ಒಪ್ಪಿಸಿ ದಾಖಲೆಯಲ್ಲಿ ನಮೂದಿಸದಿದ್ದರೆ ಕಾರಿನ ರಸ್ತೆ ಪರವಾನಗಿಯೇ ರದ್ದಾಗುತ್ತದೆ. ವಿಮಾ ಕಂಪನಿಗೂ ತಿಳಿಸಬೇಕು. ಭಾರತದಲ್ಲಿ ಹೇಗೆ ಎಂಬುದನ್ನು ಅಲ್ಲಿಯವರು ಹೇಳಲಿ.

ಕರಿಕೋಟು:

ಭಾರತದ ಕಾನೂನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ಹಾಗೂ ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಹೇಳುತ್ತದೆ. ಇದನ್ನು ಬಿಗಿಯಾಗಿಯೇ ಓದಬೇಕೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ನಾಲ್ಕನೆಯ ಉಪಕಲಮಿನ ಪ್ರಕಾರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 5 ಸಾವಿರ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಕಣ್ಣಿಗೆ ಕಾಣದ ಸಾಫ್ಟ್‌ವೇರ್ ಬದಲಾವಣೆಯನ್ನು ರಸ್ತೆಯಲ್ಲಿ ನಿಂತ ಅಧಿಕಾರಿ ಹಿಡಿಯುವುದು ಕಷ್ಟ ಎಂದು ಟ್ಯೂನರುಗಳು ಧೈರ್ಯ ಹೇಳುತ್ತಾರೆ, ಆ ಮಾತು ಸುಳ್ಳೇನೂ ಅಲ್ಲ. ಆದರೆ ಅಪಘಾತವಾಗಿ ವಿಮೆಯ ಸಮೀಕ್ಷಕರು ಬಂದಾಗ ಆ ಧೈರ್ಯ ನಿಮ್ಮೊಬ್ಬರದಾಗಿರುತ್ತದೆ.

ನವೀಕರಣದ ಹೊತ್ತಿನ ಪ್ರಶ್ನೆಗೆ ಉತ್ತರ ಹೊಗೆಯಲ್ಲಿದೆ. ಡೀಸೆಲ್ ಕಾರಿನ ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಅಳೆಯುವ ಸಾಂದ್ರತೆಗೆ ಬಿಎಸ್ 4 (ಭಾರತದ ವಾಹನ ಮಾಲಿನ್ಯ ಮಾನದಂಡದ ನಾಲ್ಕನೆಯ ಹಂತ) ವಾಹನಗಳಲ್ಲಿ ಮೀಟರಿಗೆ 1.62, ಅದಕ್ಕಿಂತ ಹಿಂದಿನವುಗಳಲ್ಲಿ 2.45 ಮಿತಿಯಿದೆ. ಬಿಎಸ್ 4 ಮಾನದಂಡವು 2010ರಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಮಾತ್ರ ಬಂದಿತ್ತು, ದೇಶಕ್ಕೆಲ್ಲ ಬಂದದ್ದು 2017ರ ಏಪ್ರಿಲಿನಲ್ಲಿ. ನಿಮ್ಮ ಕಾರು ಯಾವುದರ ಅಡಿಯಲ್ಲಿ ಬರುತ್ತದೆಂದು ನೋಂದಣಿ ಪತ್ರದಲ್ಲಿ ನೋಡಿ. ಎಂಜಿನ್ನನ್ನು ನಿಂತಲ್ಲೇ ಪೂರ್ತಿ ವೇಗಕ್ಕೇರಿಸಿ ಮಾಡುವ ಪರೀಕ್ಷೆಯಲ್ಲಿ, ಹೊಗೆಯ ಮಿತಿ ಸಡಿಲಿಸಿದ ಕಾರು ಸಿಕ್ಕಿಬೀಳುವ ಸಂಭವ ಹೆಚ್ಚು.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಬೇರೊಂದು ಗ್ಯಾರೇಜಿನಲ್ಲಿ ಟರ್ಬೊ ಹೋಸನ್ನು ಬಿಚ್ಚಿಸಿ ನೋಡಿದೆ. ಕೆಳಮಗ್ಗುಲಿನಲ್ಲಿ, ಮೇಲಿನಿಂದ ಕಾಣದ ಕಡೆ, ಬೆರಳುದ್ದ ಬಿರುಕು ಇತ್ತು, ಸುತ್ತ ಎಣ್ಣೆಯ ಜಿಡ್ಡು ಹರಡಿತ್ತು. ಹೊಸ ಹೋಸು ಹಾಕಿಸಿದ ಮೇಲೆ ಸೀಟಿಯ ಸದ್ದು ನಿಂತಿದೆ, ಹೊಗೆ ಬಹಳ ಮಟ್ಟಿಗೆ ಕಡಿಮೆಯಾಗಿದೆ. ಪಿಕಪ್ ಸುಧಾರಿಸಿದೆ, ಆದರೆ ಪೂರ್ತಿ ಮೊದಲಿನಂತಾಗಿಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟಿಗೂ ಈಗ ಹೆಚ್ಚು ಹೊತ್ತು ತಿರುಗಿಸಬೇಕಾಗುತ್ತಿದೆ. ಹಿಂದಿನ ಗ್ಯಾರೇಜಿನವರನ್ನು ಪಿ 0601 ಬಂದಿತ್ತೇ ಎಂದು ಕೇಳಿದ್ದಕ್ಕೆ ಯಾವ ಸಂಕೇತವೂ ಇರಲಿಲ್ಲವೆಂದು ಒಪ್ಪಿಕೊಂಡರು. ಟ್ಯೂನರಿಗೆ ಪವರ್ ಸಪ್ಲೈ ಮತ್ತು ಇಇಪ್ರಾಮ್ ಪ್ರತಿಯ ವಿಷಯ ಕೇಳಿದೆ, ಅದೆಲ್ಲ ಬೇಕಾಗುವುದಿಲ್ಲ ಎಂದರು. ರೀಮ್ಯಾಪಿನ ಯೋಚನೆಯನ್ನು ಕೈಬಿಟ್ಟಿದ್ದೇನೆ. ಇನ್ನುಳಿದ ತೊಂದರೆಗೆ ಮುಂದೆ ಏನನ್ನು ನೋಡಿಸಲಿ?

ಬೆಂಚಿನವ:

ಸ್ಟಾರ್ಟ್ ಆಗಲು ಹೆಚ್ಚು ಹೊತ್ತು ಬೇಕಾಗುತ್ತಿದೆ ಎಂದರೆ ರೇಲಿನಲ್ಲಿ ಒತ್ತಡ ನಿಧಾನವಾಗಿ ಏರುತ್ತಿರಬಹುದು. ಡೀಸೆಲ್ ಫಿಲ್ಟರ್ ಬದಲಿಸಿ ಬಹಳ ಕಾಲವಾಗಿದ್ದರೆ ಅದನ್ನು ಮೊದಲು ಬದಲಿಸಿ, ತಣ್ಣನೆಯ ಎಂಜಿನ್ನನ್ನು ಒಳಗಿನಿಂದ ಬಿಸಿಮಾಡುವ ಗ್ಲೋ ಪ್ಲಗ್‌ಗಳನ್ನೂ ಒಮ್ಮೆ ನೋಡಿಸಿ. ನಂತರ ಇಂಜೆಕ್ಟರುಗಳ ಲೀಕ್ ಆಫ್ ಪರೀಕ್ಷೆ ಮಾಡಿಸಿ. ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಇಂಜೆಕ್ಟರುಗಳ ರಿಟರ್ನ್ ಕೊಳವೆಗಳನ್ನು ಪ್ರತ್ಯೇಕ ಅಳತೆ ನಳಿಗೆಗಳಿಗೆ ಜೋಡಿಸಿ, ಐಡಲಿನಲ್ಲಿ ಕೆಲವು ನಿಮಿಷ ಬಿಟ್ಟು ನೋಡಿದರೆ ಯಾವುದು ಉಳಿದವಕ್ಕಿಂತ ಹೆಚ್ಚು ಸೋರುತ್ತಿದೆಯೆಂದು ಕಣ್ಣಿಗೇ ಕಾಣುತ್ತದೆ. ಇದು ಕಡಿಮೆ ಒತ್ತಡದ ಮಗ್ಗುಲು, ಅಪಾಯವಿಲ್ಲ. ಎಂಜಿನ್ ಓಡುತ್ತಿರುವಾಗ ರೇಲಿನಿಂದ ಇಂಜೆಕ್ಟರಿಗೆ ಹೋಗುವ ಉಕ್ಕಿನ ಕೊಳವೆಯ ನಟ್ಟನ್ನು ಮಾತ್ರ ಯಾರಿಗೂ ಸಡಿಲಿಸಲು ಬಿಡಬೇಡಿ. ಅಲ್ಲಿ ಒತ್ತಡ ಸಾವಿರ ಬಾರ್ ದಾಟಬಲ್ಲದು, ಚಿಮ್ಮಿದ ಡೀಸೆಲ್ ಚರ್ಮವನ್ನು ತೂರಿಕೊಂಡು ಒಳಹೋಗುತ್ತದೆ.

ಒಂದು ಇಂಜೆಕ್ಟರನ್ನು ಬದಲಿಸಬೇಕಾಗಿ ಬಂದರೆ ಅದರ ಮೈಮೇಲೆ ಕೊರೆದಿರುವ ಸಂಕೇತವನ್ನು ಸ್ಕ್ಯಾನರಿನ ಮೂಲಕ ಇಸಿಎಂಗೆ ದಾಖಲಿಸಬೇಕು. ಅದು ಫ್ಲ್ಯಾಶ್ ಬರವಣಿಗೆಯಲ್ಲ, ಕೆಲವೇ ಅಕ್ಷರಗಳ ನಮೂದು. ಬ್ಯಾಟರಿ ಚೆನ್ನಾಗಿದ್ದರೆ ಅದಕ್ಕೆ ಹೆದರಬೇಕಿಲ್ಲ.